ನಾಯಿಯಿಲ್ಲದ ಕೆನಲ್

"ಹಿಂದೆ ಲಂಡನ್ನಿನಲ್ಲಿ ಜೋರು ಮಳೆ ಬಂದರೆ ಕೆನಲ್‌ಗಳು ಉಕ್ಕಿ ಹರಿಯುತ್ತಿದ್ದವು," ಎಂದರು ಮೇಷ್ಟ್ರು, ದೋಸೆ ಮುರಿಯುತ್ತಾ.

"ಅಯ್ಯೋ ಪಾಪ! ನಾಯಿಗಳು ಎಲ್ಲಿ ಮಲಗುತ್ತಿದ್ದವು?" ಸೀನನಿಗೆ ನಾಯಿ ಅಂದರೆ ಪ್ರಾಣ.

"ನಾಯಿ ವಿಷಯ ಅಲ್ಲ ಕಣೋ. ನಾಯಿಗೂಡಿನ ಕೆನಲ್ ಲ್ಯಾಟಿನ್ನಿನ ಕ್ಯಾನಿಸ್‌ನಿಂದ ಬಂದದ್ದು. ಇದು ಕ್ಯಾನಾಲಿಸ್ ವಂಶ. ಕೆನಾಲ್, ಚಾನೆಲ್ ಎಲ್ಲ ಇದರ ದಾಯಾದಿಗಳು. ಬೀದಿ ಮೋರಿಗೆ ಆಗ ಕೆನಲ್ ಅಂತಲೇ ಹೆಸರು. 1710ರಲ್ಲಿ ಜೊನಾಥನ್ ಸ್ವಿಫ್ಟ್ ಲಂಡನ್ ಮಳೆ ಮೇಲೆ ಪದ್ಯ ಬರೆದ. ಕೆನಲ್ ಉಬ್ಬಿ ಹರಿಯುತ್ತೆ. ಅದರಲ್ಲಿ ಏನೇನು ತೇಲಿ ಬರುತ್ತೆ ಗೊತ್ತಾ? ಸಗಣಿ, ಸತ್ತ ಬೆಕ್ಕು, ಟರ್ನಿಪ್ ಸೊಪ್ಪು, ನೀರಲ್ಲಿ ಸತ್ತ ನಾಯಿಮರಿ..."

"ಬಂತಾ ಇಲ್ವಾ ನಾಯಿ?" ಸೀನ ಟೇಬಲ್ ಕುಟ್ಟಿದ.

ಮೇಷ್ಟ್ರಿಗೆ ಉತ್ತರ ಹೊಳೆಯಲಿಲ್ಲ. ಚಟ್ನಿ ಬಟ್ಟಲು ತಮ್ಮ ಕಡೆ ಎಳೆದುಕೊಂಡರು.

ಕೇಂಬ್ರಿಜ್‌ನಲ್ಲಿ ಓದಿ ಬಂದ ಪದ್ದಿ ಬಾಯಿ ಹಾಕಿದಳು. "ಅಲ್ಲಿ ಟ್ರಂಪಿಂಗ್ಟನ್ ಬೀದಿಯ ಎರಡೂ ಬದಿಗೆ ಈಗಲೂ ತೆರೆದ ಕಾಲುವೆ ಇದೆ. ರನಲ್ ಅಂತಾರೆ. ಪೆಂಬ್ರೋಕ್ ಕಾಲೇಜಿನ ಕಡೆಯದು ಪೆಮ್, ಪೀಟರ್‌ಹೌಸ್ ಕಡೆಯದು ಪಾಟ್. ಸೈಕಲ್ ಚಕ್ರ ಇಳಿದರೆ ಕಥೆ ಮುಗೀತು."

"ಮೋರಿಗೂ ಮುದ್ದಿನ ಹೆಸರಾ?"

"ಮೋರಿ ಅನ್ನಬೇಡ, ಒಳ್ಳೆ ನೀರು! 1610ರ ಹೊತ್ತಿಗೆ ಶುರುವಾದ ಹಾಬ್ಸನ್ ಕಾಲುವೆಯದು. ಈ ಹಾಬ್ಸನ್ ಕುದುರೆ ಬಾಡಿಗೆಗೆ ಕೊಡುತ್ತಿದ್ದ. ಲಾಯದಲ್ಲಿ ಎಷ್ಟೇ ಕುದುರೆ ಇರಲಿ, ಬಾಗಿಲ ಹತ್ತಿರದ್ದೇ ನಿನಗೆ. ಬೇಡವಾ, ನಡೆದು ಹೋಗು. ಹಾಬ್ಸನ್ಸ್ ಚಾಯ್ಸ್ ಅನ್ನೋದು ಅವನಿಂದಲೇ."

"ನಮ್ಮ ಮನೆ ತಿಂಡಿಗೂ ಅದೇ ಪದ್ಧತಿ," ಎಂದು ಸೀನ ನಿಟ್ಟುಸಿರು ಬಿಟ್ಟ.

ಮೇಷ್ಟ್ರು ಬಿಡುವವರಲ್ಲ. ಇಂಗ್ಲೆಂಡಿನ ಸಾಮರ್ಸೆಟ್‌ನ ತಗ್ಗು ಹೊಲಗಳ ಕಾಲುವೆಗೆ ರೀನ್ ಅಂತ ಹೆಸರು, ಬರೆಯುವಾಗ ಮಾತ್ರ ಅದರ ಹೊಟ್ಟೆಯಲ್ಲಿ ಸುಮ್ನೆ ಒಂದು ಎಚ್ ಕೂತಿರುತ್ತದೆ. ಪೀಪಾಯಿಯ ಹಲಗೆಗಳ ತುದಿಯಲ್ಲಿ ಮುಚ್ಚಳ ಕೂರಲು ಕೊರೆಯುವ ತೋಡು ಕ್ರೋಜ್. ಕತ್ತಿಯ ಉದ್ದಕ್ಕೂ ಇರುವ ತೋಡು ಫುಲ್ಲರ್.

"ಅದು ಗೊತ್ತು, ರಕ್ತ ಹರಿಯೋಕೆ."

"ಅಲ್ಲವೋ! ಕತ್ತಿ ಹಗುರ ಆಗಲಿ ಅಂತ. ರಕ್ತದ ಕಥೆ ಆಮೇಲೆ ಕಟ್ಟಿದ್ದು."

"ಈವ್ಸ್‌ಡ್ರಾಪ್ ಹೇಳಿ ಮೇಷ್ಟ್ರೇ," ಪದ್ದಿ ಕಣ್ಣು ಮಿಟುಕಿಸಿದಳು. "ಸೂರಿನ ನೀರು ತೊಟ್ಟಿಕ್ಕುವ ಜಾಗ. ಅಲ್ಲಿ ನಿಂತು ಒಳಗಿನ ಮಾತು ಕದ್ದು ಕೇಳುವವನು ಈವ್ಸ್‌ಡ್ರಾಪರ್." ಮೂವರೂ ತಿರುಗಿ ನೋಡಿದರು. ಪಕ್ಕದ ಟೇಬಲ್ ಒರೆಸುತ್ತಿದ್ದ ಮಾಣಿ ಅದೇ ಜಾಗವನ್ನು ಆಗಿನಿಂದ ಒರೆಸುತ್ತಲೇ ಇದ್ದ.

"ಕೊನೇದು," ಸೀನ ಮೀಸೆ ಸವರಿಕೊಂಡ. "ಮೂಗಿಗೂ ತುಟಿಗೂ ನಡುವಿನ ಈ ಕಾಲುವೆ?"

"ಫಿಲ್ಟ್ರಮ್."

"ಫಿಲ್ಟರ್?"

"ಫಿಲ್ಟ್ರಮ್! ಗ್ರೀಕರ ವಶೀಕರಣ ಮದ್ದಿನ ಹೆಸರು. ಫಿಲ್ಟರ್‌ಗೂ ಅದಕ್ಕೂ..."

ಅಷ್ಟರಲ್ಲಿ ಮಾಣಿ ಮೂರು ಕಾಫಿ ತಂದಿಟ್ಟ.