ಹಾವೇರ್ಯಾಗ ಸಮುದ್ರದ ನೀರಿನ ಟ್ಯಾಂಕ್ ಇಡಬೇಕಂತೀನಿ, ಮಾಡಿದವ್ರು ಅನುಭವ ಹೇಳ್ರಿ

ಹಾವೇರಿಯಿಂದ:

ಎಲ್ಲಾರಿಗೂ ನಮಸ್ಕಾರ್ರಿ. ಮನ್ಯಾಗ 2 ಅಡಿದೊಂದು ಸಮುದ್ರದ ನೀರಿನ ಟ್ಯಾಂಕ್ ಇಡಬೇಕಂತ ಮಾಡೀನಿ. ಮಗಳು ಕ್ಲೌನ್ ಮೀನು ಬೇಕಂತಾಳ, ನನಗ ಹವಳದ ಆಸೆ. ಐದು ವರ್ಷದಿಂದ ಗಪ್ಪಿ, ಗೋಲ್ಡ್‌ಫಿಶ್ ಸಾಕೀನಿ, ಉಪ್ಪುನೀರಿಂದು ಏನೂ ಗೊತ್ತಿಲ್ಲ. ನಮ್ಮ ಮನಿಯವ್ರು ತಿಂಗಳಿಗೊಮ್ಮೆ ಕೆಲಸದ ಮ್ಯಾಲ ಕಾರವಾರಕ್ಕ ಹೋಗ್ತಾರ, ಕ್ಯಾನಿನ್ಯಾಗ ಅಲ್ಲಿ ನೀರು ತಂದ್ರ ನಡೀತದೇನ್ರಿ? ನಮ್ಮ ಬ್ಯಾಸಗಿ ಆ ಮೀನು ತಡೀತಾವೇನು?

ಹುಬ್ಬಳ್ಳಿಯಿಂದ:

ಅಕ್ಕಾರ, ನಂದೂ ಇದ ಅಳತಿ ಟ್ಯಾಂಕ್, 24-18-18 ಇಂಚು, ನಾಲ್ಕನೇ ವರ್ಷ ನಡದೈತಿ. ಬಾಯಿಮಟ ತುಂಬಿದ್ರ 127 ಲೀಟರ್, ಕಲ್ಲು ಹಾಕಿ ಮ್ಯಾಲ ಎರಡು ಇಂಚು ಬಿಟ್ರ ನೀರು 100 ಲೀಟರಿನ ಆಸುಪಾಸು ಅಷ್ಟ. ಮೀನು, ಲೈಟು, ಹವಳ ಇವೆಲ್ಲಾ ಆಮ್ಯಾಲಿನ ಮಾತು, ನಮ್ಮ ಕಡೆ ಈ ಟ್ಯಾಂಕ್ ಉಳಿಯೂದು ದಿನಾ ಹಾಕೂ ಸಪ್ಪನ್ನ ನೀರಿನ ಮ್ಯಾಲ ಐತ್ರಿ.

ಯಾಕಂದ್ರ ನೀರು ಆರ್ತೈತಿ, ಉಪ್ಪು ಆರೂದಿಲ್ಲ. ಸಮುದ್ರದ ನೀರಿನ್ಯಾಗ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರ್ತೈತಿ, ಉಪ್ಪು ಅಳಿಯೂ ರಿಫ್ರ್ಯಾಕ್ಟೋಮೀಟರಿನ್ಯಾಗ ನೋಡಿದ್ರ 1.025, 1.026, ಅಂದ್ರ ಸಪ್ಪನ್ನ ನೀರಿಗಿಂತ ಅಷ್ಟು ಪಟ್ಟು ಭಾರ. ನಮ್ಮ ಮನ್ಯಾಗ ಏಪ್ರಿಲ್ ತಿಂಗಳ ಫ್ಯಾನ್ ಹಚ್ಚಿದ್ರ ದಿನಕ್ಕ ಎರಡೂವರೆ ಲೀಟರ್ ಆರಿ ಹೋಗ್ತೈತಿ, ಅಷ್ಟೂ ಬರೇ ನೀರು. ಹಿಂಗಾಗಿ ಆರಿದ್ದಕ್ಕ ಉಪ್ಪಿಲ್ಲದ ಶುದ್ಧ ನೀರನ್ನ ಹಾಕಬೇಕು, ವಾರಕ್ಕೊಮ್ಮೆ ಹಳೇ ನೀರು ತಗದು ಹೊಸಾದು ಹಾಕುವಾಗ ಮಾತ್ರ ಉಪ್ಪು ಕಲಸಿದ ನೀರು.

ಇದನ್ನ ನಾ ಎಷ್ಟು ಗಟ್ಟಿಯಾಗಿ ಹೇಳಾಕತ್ತೀನಂದ್ರ ಒಂದು ಸಲ ಅನುಭವಿಸೀನಿ. ಎರಡನೇ ವರ್ಷ ಬ್ಯಾಸಗ್ಯಾಗ ಬಾಗಲಕೋಟಿಗೆ ಮದುವಿಗೆ ಹೋಗಿ ಎಂಟು ದಿನ ಅಲ್ಲೇ ಉಳದಿದ್ದೆ, ತಮ್ಮಗ ಹೇಳಿ ಹೋಗಿದ್ದೆ, ನೀರು ಗೆರಿಗಿಂತ ಕೆಳಗ ಇಳದ್ರ ಕ್ಯಾನಿಂದ ಹಾಕು ಅಂತ. ಅಲ್ಲಿ ಕ್ಯಾನ್ ಎರಡಿದ್ವು, ಎರಡೂ ಬಿಳೇವು, ನಾ ಗುರುತು ಮಾಡಿರಲಿಲ್ಲ. ಅಂವ ಪಾಪ ತಪ್ಪದಂಗ ದಿನಾ ಹಾಕ್ಯಾನ, ಆದ್ರ ಉಪ್ಪಿನ ನೀರು ಹಾಕ್ಯಾನ. ಎಂಟು ದಿನಕ್ಕ 20 ಲೀಟರ್ ಅಂದ್ರ 700 ಗ್ರಾಂ ಉಪ್ಪು ಹೆಚ್ಚಿಗಿ ಬಿತ್ತು. ತಿರುಗಿ ಬಂದು ನೋಡಿದ್ರ ಗಾಜಿನ ಅಂಚಿನುದ್ದಕ್ಕ ಬಿಳೇ ಉಪ್ಪಿನ ಹಕ್ಕಳಿ ಕಟ್ಟಿತ್ತು, ಜೊವಾಂತಿಡ್ ಅಂತೀವಲ್ಲ, ಆ ಗುಂಡಿಯಂಥಾ ಹವಳ, ಅವು ಒಂದೂ ಅರಳಿರಲಿಲ್ಲ, ದಾಳಿಂಬ್ರಿ ಮೊಗ್ಗಿನಂಗ ಬಾಯಿ ಮುಚ್ಚಿ ಕುಂತಿದ್ವು, ಬಸವನಹುಳ ಉಸುಕಿನ ಮ್ಯಾಲ ಅಂಗಾತ ಬಿದ್ದಿತ್ತು, ಮೀನು ಮೂಲ್ಯಾಗ ನಿಂತು ಲಗೂ ಲಗೂ ಕಿವಿರು ಆಡಸಾಕತ್ತಿದ್ವು. ಅಳದ್ರ 1.031. ಗಾಬರಿಯಾಗಿ ಒಮ್ಮಿಗೇ ಸಪ್ಪನ್ನ ನೀರು ಸುರೀಬೇಕನಸ್ತು, ಹಂಗ ಮಾಡಬ್ಯಾಡ್ರಿ, ಹವಳ ಆ ಪೆಟ್ಟು ತಡಿಯೂದಿಲ್ಲ. ದಿನಾ ಮೂರೂವರೆ ಲೀಟರ್ ಟ್ಯಾಂಕಿನ ನೀರು ತಗದು ಅಷ್ಟ ಶುದ್ಧ ನೀರು ಹಾಕ್ಕೋತ ಐದು ದಿನಕ್ಕ ಜಾಗಾಕ್ಕ ತಂದೆ. ಮೀನು ಎರಡೂ ಉಳದ್ವು. ಬಸವನಹುಳ ಮೂರು ಹೋದ್ವು, ಒಂದು ಹವಳದ ಗೊಂಚಲ ಕರಗೇ ಹೋತು. ಅವತ್ತಿಂದ ಉಪ್ಪಿನ ಕ್ಯಾನಿಗೆ ಕೆಂಪು ಟೇಪ್ ಸುತ್ತೀನಿ, ಮುಂದ ರೊಕ್ಕ ಕೂಡಿಸಿ ತಾನ ನೀರು ತುಂಬೂ ಆಟೊ ಟಾಪ್‌ಅಪ್ ಹಚ್ಚಿದೆ. ನಿಮಗ ಲೈಟಿನ್ಯಾಗ ಒಂದಿಷ್ಟು ಉಳಸ್ಬೇಕಾದ್ರ ಉಳಸ್ರಿ, ಇದರಾಗ ಉಳಸಬ್ಯಾಡ್ರಿ.

ಬ್ಯಾಸಗಿ ತಡೀತಾವೇನು ಅಂತ ಕೇಳೀರಿ. ಹೊರಗ 38 ಡಿಗ್ರಿ ಇದ್ದಾಗ ನಮ್ಮ ಹಾಲಿನ್ಯಾಗ ಟ್ಯಾಂಕಿನ ನೀರು ಮಧ್ಯಾಹ್ನ 30 ದಾಟ್ತಿತ್ತು, ಬೇಕಾಗಿದ್ದು 25, 26. ನೀರು ತಂಪು ಮಾಡೂ ಚಿಲ್ಲರ್ ರೇಟ್ ಕೇಳಿ ಸುಮ್ಮನಾಗಿ ಕಂಪ್ಯೂಟರಿನ ಎರಡು ಸಣ್ಣ ಫ್ಯಾನ್ ನೀರಿನ ಮ್ಯಾಲ ಗಾಳಿ ಬೀಸೂಹಂಗ ಕೂಡಿಸಿದೆ, ಮೂರು ಡಿಗ್ರಿ ಇಳೀತು, 27ಕ್ಕ ಕ್ಲೌನೂ ಆರಾಮ ಇರ್ತಾವು, ಮೆತ್ತನ ಹವಳಾನೂ ಆರಾಮ. ಪಶ್ಚಿಮದ ಗ್ವಾಡಿಗೆ ಹಚ್ಚಿ ಮಾತ್ರ ಇಡಬ್ಯಾಡ್ರಿ, ಸಂಜಿಮಟ ಕಾಯ್ತೈತಿ. ಇನ್ನ ಅಡ್ಡಮಳಿ ಬಂದಾಗ ಕರೆಂಟ್ ಹೋಗೇ ಹೋಗ್ತೈತಿ. ಅಲೆ ಎಬ್ಬಿಸೂ ಪಂಪ್ ಒಂದನ್ನ ಇನ್ವರ್ಟರಿಗೆ ಕೊಡ್ರಿ, ಹತ್ತು ವಾಟ್ ಸೈತ ತಿನ್ನೂದಿಲ್ಲ ಅದು, ನೀರು ಅಲಗ್ಯಾಡಿದ್ರ ಆಕ್ಸಿಜನ್ ಸಿಗ್ತೈತಿ. ಲೈಟು, ನೊರಿ ಎಬ್ಬಿಸಿ ಹೊಲಸು ತಗಿಯೂ ಸ್ಕಿಮ್ಮರ್ ಬಂದಾದ್ರ ಒಂದು ದಿನ ಏನೂ ಆಗೂದಿಲ್ಲ.

ಧಾರವಾಡದಿಂದ:

ಹುಬ್ಬಳ್ಳಿ ಸರ್ ಹೇಳಿದ್ದು ಖರೇ ಅದ. ಕಾರವಾರದ ನೀರಿನ ಬಗ್ಗೆ ನಾ ಹೇಳ್ತೀನಿ, ಎರಡು ವರ್ಷ ಅದೇ ನೀರಿನ್ಯಾಗ ನಡಸೀನಿ. ಜನವರಿಯಿಂದ ಮೇ ತನಕಾ ಚಲೋ ನೀರು ಸಿಗ್ತದ, ಬಂದರದ ಹತ್ರ ತುಂಬಕೋಬಾರದು, ಕಾಳಿ ನದಿ ಸಮುದ್ರ ಕೂಡೋ ಜಾಗದಿಂದ ದೂರ ಹೋಗಿ ತುಂಬಕೋಬೇಕು, ತಂದಮ್ಯಾಲ ಅರಿವಿಲೆ ಸೋಸಿ ಕತ್ತಲಿ ಖೋಲ್ಯಾಗ ಒಂದು ವಾರ ಇಟ್ಟು, ಅಳದು, ಆಮ್ಯಾಲ ಹಾಕಬೇಕು. ಮಳಿಗಾಲದಾಗ ಬ್ಯಾಡೇ ಬ್ಯಾಡ್ರಿ. ಜುಲೈದಾಗ ನಾ ತಂದ ನೀರು 1.017 ತೋರಸ್ತು, ಘಟ್ಟದ ಮಳಿನೀರೆಲ್ಲಾ ಹೊಳಿ ಹಿಡದು ಅಲ್ಲೇ ಬಂದು ಬೀಳ್ತದಲ್ಲ. ಅದಲ್ಲದ ಇಲ್ಲಿಂದ 160 ಕಿಲೋಮೀಟರ್ ಮ್ಯಾಲ ಆಗ್ತದ, ತಿಂಗಳಿಗೆ 40 ಲೀಟರ್ ಅಂದ್ರ 20 ಲೀಟರಿನ ಎರಡು ಕ್ಯಾನ್, ಮಾಳಗಿ ಮ್ಯಾಲ ಹೊತ್ತು ಹೊತ್ತು ಸೊಂಟ ಹಿಡೀತು. ಈಗ ಸಮುದ್ರದ ಟ್ಯಾಂಕಿಗಂತನ ಮಾಡಿದ ಪ್ಯಾಕೆಟ್ ಉಪ್ಪು ಕಲಸ್ತೀನಿ. ಅಡಿಗಿ ಉಪ್ಪು, ಹರಳುಪ್ಪು ನಡಿಯೂದಿಲ್ಲ, ಹವಳಕ್ಕ ಕ್ಯಾಲ್ಸಿಯಂ 400 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಮ್ಯಾಲ, ಮೆಗ್ನೀಸಿಯಂ 1300ರ ಸುತ್ತಮುತ್ತ ಬೇಕು, ಅಡಿಗಿ ಉಪ್ಪಿನಾಗ ಅವು ಇರೂದಿಲ್ಲ. ಚಳಿಗಾಲದಾಗ ಧಾರವಾಡಕ್ಕ 100 ವಾಟಿನ ಹೀಟರ್ ಬೇಕಾಗ್ತದ, ಹಾವೇರ್ಯಾಗೂ ಒಂದು ಇರಲಿ.

ಮತ್ತೊಂದು, ಟ್ಯಾಂಕ್ ಇದ್ದ ಖೋಲ್ಯಾಗ ಸೊಳ್ಳಿ ಸ್ಪ್ರೇ ಹೊಡೀಬ್ಯಾಡ್ರಿ. ನಮ್ಮವ್ವ ಗೊತ್ತಿಲ್ದ ಹೊಡದ್ಲು, ಮರುದಿನ ಮುಂಜಾನೆ ಸೀಗಡಿ ಎಲ್ಲಾ ಸತ್ತಿದ್ವು, ಮೀನಿಗೆ ಏನೂ ಆಗಿರಲಿಲ್ಲ. ಆ ಔಷಧ ಹುಳ ಕೊಲ್ಲಾಕ ಮಾಡಿದ್ದು, ಸೀಗಡಿ, ಏಡಿ ಅದೇ ಕುಲದ್ವು.

ಗದಗದಿಂದ:

ತಂಗಿ, ನಾ ಹೈಸ್ಕೂಲಿನ್ಯಾಗ ವಿಜ್ಞಾನ ಕಲಸ್ತೀನಿ, ನಮ್ಮನ್ಯಾಗೂ ಮೂರು ವರ್ಷದಿಂದ ಒಂದು ಟ್ಯಾಂಕ್ ಐತಿ. ಎಲ್ಲಾರೂ ಅವಸರ ಮಾಡೂದು ಸೈಕ್ಲಿಂಗಿನ್ಯಾಗ, ಅಂದ್ರ ಮೀನು ಬಿಡೂ ಮೊದಲ ಟ್ಯಾಂಕಿನ್ಯಾಗ ಬ್ಯಾಕ್ಟೀರಿಯಾ ಬೆಳಸೂದ್ರಾಗ. ಮೀನಿನ ಹೊಲಸಿನಿಂದ ಅಮೋನಿಯಾ ಆಗ್ತೈತಿ, ಅದನ್ನ ತಿಂದು ನೈಟ್ರೈಟ್, ಅದರಿಂದ ನೈಟ್ರೇಟ್ ಮಾಡೂ ಬ್ಯಾಕ್ಟೀರಿಯಾ ಕಲ್ಲಿನ್ಯಾಗ ಬೆಳೀಬೇಕು, ಅದಕ್ಕ ನಾಲ್ಕರಿಂದ ಆರು ವಾರ ಬೇಕು. ಎಲ್ಲಾ ಕಡೆ ಹಸೀ ಸೀಗಡಿ ಹಾಕಿ ಕೊಳಸ್ರಿ ಅಂತಾರ, ನಮ್ಮ ಮನ್ಯಾಗ ಶಾಖಾಹಾರ, ಅತ್ತಿಯವ್ರ ಮುಂದ ಆ ಮಾತು ತಗಿಯೂಹಂಗ ಇರಲಿಲ್ಲ. ನವಸಾಗರ ಗೊತ್ತಲ್ಲ, ಪಾತ್ರಿಗೆ ಕಲಾಯಿ ಮಾಡೂವ್ರು ಬಳಸ್ತಿದ್ರು, ಅದು ಅಮೋನಿಯಂ ಕ್ಲೋರೈಡ್. ಕಲಾಯಿದು ಬ್ಯಾಡ, ಲ್ಯಾಬಿನ ಸಾಮಾನಿನ ಅಂಗಡ್ಯಾಗ ಶುದ್ಧದ್ದು ಸಿಗ್ತೈತಿ, 100 ಲೀಟರಿಗೆ 0.6 ಗ್ರಾಂ ಹಾಕಿದ್ರ ಅಮೋನಿಯಾ 2 ಪಿಪಿಎಂ ಆಗ್ತೈತಿ. ಹಾಕಿ 24 ತಾಸಿನ್ಯಾಗ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನಿಗೆ ಬಂದ್ವಂದ್ರ ಟ್ಯಾಂಕ್ ತಯಾರಾತು. ನಡುವ ಕಂದು ಧೂಳಿನಂಥಾ ಪಾಚಿ ಬಂದು ಎಲ್ಲಾ ಮುಚ್ಚಿಬಿಡ್ತೈತಿ, ನಾ ಆಗ ಅತ್ತಬಿಟ್ಟಿದ್ದೆ, ಅದು ಡಯಾಟಮ್, ಬರ್ತೈತಿ, ತಾನ ಹೋಗ್ತೈತಿ. ಫ್ರಿಜ್ಜಿನ್ಯಾಗ ಸೀಗಡಿ ಇಡೂದೂ ಬ್ಯಾಡಾದ್ರ ಕ್ಲೌನ್ ಒಣ ಪೆಲೆಟ್ ತಿಂತಾವು, ನಮ್ಮವು ಅದರ ಮ್ಯಾಲ ಬೆಳದಾವು.

ಕ್ಲೌನ್ ತರುವಾಗ ಹ್ಯಾಚರ್ಯಾಗ ಹುಟ್ಟಿದ್ದು ಕೇಳ್ರಿ, ನಮ್ಮ ದೇಶದಾಗ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ (ಸಿಎಂಎಫ್‌ಆರ್‌ಐ) ಅದರ ಮರಿ ಮಾಡೂ ವಿದ್ಯೆ ಸಾಧಿಸೈತಿ, ಸಮುದ್ರದಿಂದ ಹಿಡದದ್ದು ಬೇಕಾಗಿಲ್ಲ. ಎರಡು ಸಣ್ಣವನ್ನ ಕೂಡೇ ತಂದ್ರ ದೊಡ್ಡದಾದದ್ದು ಹೆಣ್ಣಾಗ್ತೈತಿ, ಇನ್ನೊಂದು ಗಂಡು, ನಿಮ್ಮ ಮಗಳಿಗೆ ತೋರಸ್ರಿ, ನಮ್ಮ ಸಾಲಿ ಹುಡುಗೂರು ಬಂದು ಅದನ್ನ ನೋಡಾಕಂತನ ಸಾಲು ಹಚ್ಚಿದ್ರು. 2 ಅಡಿಗೆ ಅವೆರಡು, ಜೋಡಿಗೆ ಗೋಬಿ ಅನ್ನೂ ಸಣ್ಣ ಮೀನು ಒಂದು, ಸಾಕು. ನೀಲಿ ಟ್ಯಾಂಗ್ ಕೇಳ್ತಾಳ, ಕೊಡಸಬ್ಯಾಡ್ರಿ, ಅದು ಒಂದು ಅಡಿ ಬೆಳಿಯೂ ಮೀನು.

ಹವಳದ ವಿಷಯ ಕಿವಿಗೊಟ್ಟು ಕೇಳ್ರಿ. ನಮ್ಮ ಕಡಲಿನ ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಾಗ ಬರ್ತಾವು, ಸಮುದ್ರಕುದುರಿನೂ ಅದರಾಗ ಐತಿ. ಮುರ್ಡೇಶ್ವರದ ಹತ್ರ ನೇತ್ರಾಣಿಗೆ ಹೋದವ್ರು ಒಂದು ತುಂಡು ಕಲ್ಲು ತಂದ್ರೂ ತಪ್ಪು. ಒಣ ಕಲ್ಲಿನಿಂದ ಸುರು ಮಾಡ್ರಿ, ಹವಳ ಬೇಕಂದ್ರ ಬ್ಯಾರೆಯವ್ರ ಟ್ಯಾಂಕಿನ್ಯಾಗ ಬೆಳದ ಮಶ್ರೂಮ್ ಹವಳ, ಜೊವಾಂತಿಡ್ ತುಂಡು, ಎಲ್ಲಿಂದ ಬಂತಂತ ಕಾಗದ ಇದ್ದದ್ದು ಮಾತ್ರ ತಗೋರಿ. ಜೊವಾಂತಿಡಿನ್ಯಾಗ ಕೆಲವಕ್ಕ ಕೆಟ್ಟ ವಿಷ ಇರ್ತೈತಿ, ಕೈಗವಸಿಲ್ದ ಮುಟ್ಟಬ್ಯಾಡ್ರಿ, ಆ ಕಲ್ಲನ್ನ ಬಿಸಿನೀರಿನ್ಯಾಗ ಕುದಸಂತೂ ಕುದಸಬ್ಯಾಡ್ರಿ.

ಹಾವೇರಿಯಿಂದ:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ನಿನ್ನೆ ನೀರಿನ್ಯಾಗ ಕರಗಿದ ಲವಣ ಅಳಿಯೂ ಟಿಡಿಎಸ್ ಮೀಟರ್ ತರಿಸಿ ಅಳದೆ, ನಮ್ಮ ಬೋರಿನ ನೀರು 780, ಅಡಿಗಿಮನಿ ಆರ್‌ಒದಿಂದ ಬಂದದ್ದು 90. ಇದನ್ನ ದಿನಾ ಹಾಕೂ ಸಪ್ಪನ್ನ ನೀರಂತ ಬಳಸ್ಬಹುದೇನು? ನಳದ ನೀರು ವಾರಕ್ಕೊಮ್ಮೆ ಬರ್ತದ, ಬ್ಲೀಚಿಂಗ್ ವಾಸನಿ ಇರ್ತದ.

ಹುಬ್ಬಳ್ಳಿಯಿಂದ:

90 ಬ್ಯಾಡ್ರಿ ಅಕ್ಕಾರ, ದಿನಾ ಎರಡೂವರೆ ಲೀಟರ್ ಹೋದ್ರ ಅದರಾಗಿನ ಕಸರು ಎಲ್ಲಾ ಟ್ಯಾಂಕಿನ್ಯಾಗ ಉಳದು ಪಾಚಿಗೆ ಊಟ ಆಗ್ತೈತಿ. ಅಡಿಗಿಮನಿ ಆರ್‌ಒದಾಗ ಕುಡಿಯೂ ನೀರಿಗೆ ರುಚಿ ಬರಲಿ ಅಂತ ಸೋಸದ ನೀರು ಒಂದಿಷ್ಟು ಕೂಡಸೂ ಟಿಡಿಎಸ್ ಕಂಟ್ರೋಲರ್ ಇರ್ತೈತಿ, ಅದನ್ನ ಪೂರಾ ಬಂದ್ ಮಾಡಿ ಅಳೀರಿ, ಭಾಳ ಮಾಡಿ 40ರ ಕೆಳಗ ಬರ್ತೈತಿ. ಮಿನರಲ್ ಕಾರ್ಟ್ರಿಜ್ ಇದ್ರ ನೀರು ಅದರೊಳಗ ಹೋಗೂಕಿಂತ ಮೊದಲ ಪೈಪ್ ತಗೋರಿ. ಆಮ್ಯಾಲ ಉಳದ ಲವಣ ಹಿಡಕೊಳ್ಳೂ ಡಿಐ ರೆಜಿನ್ನಿನ ಒಂದು ಡಬ್ಬಿ ಜೋಡಸ್ರಿ, ಮೀಟರ್ 0 ತೋರಸ್ಬೇಕು. ಬಣ್ಣ ಬದಲಾಗೂ ರೆಜಿನ್ ತಗೊಂಡ್ರ ಮುಗದದ್ದು ಕಣ್ಣಿಗೆ ಕಾಣ್ತೈತಿ. ನಳದ ನೀರು ಬಳಸೂದಾದ್ರ ಆರ್‌ಒಕ್ಕಿಂತ ಮೊದಲ ಕಾರ್ಬನ್ ಫಿಲ್ಟರ್ ಇರಬೇಕು, ಕ್ಲೋರಿನ್ ಮೆಂಬ್ರೇನ್ ಕೆಡಸ್ತೈತಿ. ಕಂಟ್ರೋಲರ್ ಬಂದ್ ಮಾಡಿದಮ್ಯಾಲ ಎಷ್ಟು ಬಂತು ಹೇಳ್ರಿ, ಅದರ ಮ್ಯಾಲ ರೆಜಿನ್ ಎಷ್ಟು ಬೇಕಂತ ನೋಡೂಣು. ಕುಡಿಯೂ ನೀರು ತುಂಬುವಾಗ ಮಾತ್ರ ಆ ಕಂಟ್ರೋಲರನ್ನ ಮತ್ತ ಚಾಲೂ ಮಾಡ್ರಿ.