ಅಜ್ಜ ಜೈಲಿಗೆ ಹೋಗಿರಲಿಲ್ಲ ಕಣೋ

ಹಲೋ, ಎಲ್ಲರಿಗೂ. ಇದು ಟೈಪ್ ಮಾಡಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಉದ್ದ ಇದೆ, ಮೊದಲೇ ಹೇಳಿಬಿಡುತ್ತೇನೆ. ಆಫೀಸಿನಲ್ಲಿ ಇರುವವರು ರಾತ್ರಿ ಕೇಳಿ. ಚಿಕ್ಕಮ್ಮ, ನೀನು ಮಾತ್ರ ಈಗಲೇ ಕೇಳು, ಕೊನೆಯಲ್ಲಿ ನಿನಗೆ ಒಂದು ಕೆಲಸ ಇದೆ.

ಮೊದಲು ಅಮ್ಮನ ಸಮಾಚಾರ. ಕಣ್ಣಿನ ಪೊರೆ ಆಪರೇಷನ್ ಆಗಿ ಇವತ್ತಿಗೆ ಒಂಬತ್ತು ದಿನ. ಏನೂ ತೊಂದರೆ ಇಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಬಾಲ್ಕನಿಯಲ್ಲಿ ಕೂತರೆ ಪಕ್ಕದ ಫ್ಲ್ಯಾಟಿನ ಮಕ್ಕಳು ಬಂದು ನೋಡಿಕೊಂಡು ಹೋಗುತ್ತಾರೆ. ತಲೆಗೆ ನೀರು ಹಾಕಬಾರದು ಅಂದಿದ್ದಾರೆ, ಅದೊಂದೇ ಅವಳ ಜಗಳ. "ತಲೆ ಮೀಯದೆ ಮನುಷ್ಯ ಇರುತ್ತಾನೇನೆ?" ದಿನಕ್ಕೆ ನಾಲ್ಕು ಸಲ ಆಗುತ್ತಿದೆ ಈ ಪ್ರಶ್ನೆ.

ಟಿವಿ ಜಾಸ್ತಿ ನೋಡಲ್ಲ, ಮೊಬೈಲ್ ಕೈಗೆ ಕೊಡುತ್ತಿಲ್ಲ. ಹಾಗಾಗಿ ಮಾತು. ಅದೂ ನಾವು ಕೇಳಿದರೆ ಬರುವ ಮಾತಲ್ಲ. ಪುಟ್ಟ, ನೀನು ಹೋದ ವಾರ ಗ್ರೂಪಿನಲ್ಲಿ ಕೇಳಿದ್ದೆ ಅಲ್ವಾ, "ಅಕ್ಕಾ, ದೊಡ್ಡಮ್ಮ ನಿಮ್ಮ ಮನೆಯಲ್ಲೇ ಇದ್ದಾರಲ್ಲ, ಕಾಗೋಡು ಸತ್ಯಾಗ್ರಹದಲ್ಲಿ ಅಜ್ಜ ಎಷ್ಟು ದಿನ ಜೈಲಿನಲ್ಲಿದ್ದರು, ಯಾವ ಜೈಲು, ಕೇಳಿ ಹೇಳು, ವಂಶವೃಕ್ಷದ ಪುಸ್ತಕಕ್ಕೆ ಬೇಕು" ಎಂದು. ನಾನು ಅವತ್ತೇ ಅಮ್ಮನ ಎದುರು ಕೂತು, ಪೆನ್ನು ಹಿಡಿದು, ಟಿವಿಯವರ ಹಾಗೆ ಕೇಳಿದೆ. "ನಂಗೆಂತ ಗೊತ್ತು ಮಾರಾಯ್ತಿ, ಆಗ ನಾನು ಹುಟ್ಟೇ ಇರಲಿಲ್ಲ" ಅಂದಳು. ಅಲ್ಲಿಗೆ ಮುಗಿಯಿತು.

ಕಥೆ ಬಂದದ್ದು ಕಣ್ಣಿನ ಡ್ರಾಪ್ಸ್ ಹಾಕುವಾಗ. ದಿನಕ್ಕೆ ಆರು ಸಲ, ಎರಡು ಥರದ ಡ್ರಾಪ್ಸ್. ಒಂದು ಹಾಕಿದ ಮೇಲೆ ಐದು ನಿಮಿಷ ಬಿಟ್ಟು ಇನ್ನೊಂದು ಹಾಕಬೇಕು. ಆ ಐದು ನಿಮಿಷ ಅವಳು ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿರುತ್ತಾಳೆ, ನಾನು ಗಡಿಯಾರ ನೋಡುತ್ತಾ ಪಕ್ಕದಲ್ಲಿ ಕೂತಿರುತ್ತೇನೆ. ಕೈಗೂ ಕಣ್ಣಿಗೂ ಕೆಲಸ ಇಲ್ಲ. ಆಗ ಶುರು ಮಾಡುತ್ತಾಳೆ. ಐದು ನಿಮಿಷ ಆದ ಕೂಡಲೇ ನಾನು "ಕಣ್ಣು ಬಿಡು" ಅನ್ನಬೇಕು, ಕಥೆ ಅರ್ಧಕ್ಕೆ ನಿಲ್ಲುತ್ತದೆ. ಮುಂದಿನ ಕಂತು ಎರಡೂವರೆ ಗಂಟೆ ಆದ ಮೇಲೆ. ಧಾರಾವಾಹಿಯವರೂ ಇಷ್ಟು ಸತಾಯಿಸಲ್ಲ.

ಮೊದಲೆರಡು ದಿನ ಅವಳಿಗೆ ಗೊತ್ತಿಲ್ಲದ ಹಾಗೆ ರೆಕಾರ್ಡ್ ಮಾಡಿದೆ. ಆಮೇಲೆ ಮನಸ್ಸು ತಡೆಯದೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. "ಹಂಗಾರೆ ಫೋನು ಇನ್ನೂ ಹತ್ತಿರ ಹಿಡಿ, ನನ್ನ ದನಿ ಸಣ್ಣ" ಅಂದಳು.

ಈಗ ವಿಷಯಕ್ಕೆ ಬರುತ್ತೇನೆ. ಪುಟ್ಟ, ಬೇಜಾರು ಮಾಡಿಕೊಳ್ಳಬೇಡ. ಅಜ್ಜ ಜೈಲಿಗೆ ಹೋಗಿರಲಿಲ್ಲ ಕಣೋ.

ಹೋದದ್ದು ಅಜ್ಜನ ತಮ್ಮ, ಚಿಕ್ಕಜ್ಜ. ನಮ್ಮಲ್ಲಿ ಯಾರೂ ಅವರನ್ನು ನೋಡಿಲ್ಲ. ನಾನು ಹೆಸರು ಕೇಳಿದ್ದೇ ಎರಡೋ ಮೂರೋ ಸಲ.

ಕಾಗೋಡು ಅಂದರೆ ಏನು ಅಂತ ಹುಡುಗರಿಗೆ ಎರಡು ಮಾತು. ನಮ್ಮದು ಗೇಣಿ ಮಾಡುತ್ತಿದ್ದ ಮನೆ. ಗದ್ದೆ ಒಡೆಯರದ್ದು, ದುಡಿತ ನಮ್ಮದು. ಗೇಣಿ ಭತ್ತ ಅಳೆಯುವ ಕೊಳಗ ಇತ್ತಲ್ಲ, ಜಗಳ ಶುರುವಾದದ್ದೇ ಅದರಿಂದ. ಸರ್ಕಾರದ ಅಳತೆಗಿಂತ ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಾರೆ ಎಂಬುದು ನಮ್ಮವರ ಸಿಟ್ಟು. ಅಮ್ಮ ಇದನ್ನು ಹೇಳುವಾಗ ಮಲಗಿದ್ದಲ್ಲೇ ಎರಡೂ ಕೈ ಎತ್ತಿ ಕೊಳಗದ ಬಾಯಿ ಎಷ್ಟಗಲ ಅಂತ ತೋರಿಸಿದಳು. ಅವಳೇ ನೋಡಿರದ ಕೊಳಗ! ಅಜ್ಜಿ ಹಾಗೆ ಕೈ ಮಾಡಿ ತೋರಿಸುತ್ತಿದ್ದಳಂತೆ, ಅದೇ ಅಗಲ ಇವಳ ಕೈಯಲ್ಲಿ ಉಳಿದಿದೆ. 1951ರ ಏಪ್ರಿಲ್‌ನಲ್ಲಿ, ಒಡೆಯರು ಬೇಡ ಅಂದರೂ ಸಾಗರ ತಾಲ್ಲೂಕಿನ ಕಾಗೋಡಿನ ರೈತರು ಗದ್ದೆಗೆ ನೇಗಿಲು ಇಳಿಸಿದರು, ಪೊಲೀಸರು ಹಿಡಿದರು. ಮುಂದೆ ನಿಂತವರು ಎಚ್. ಗಣಪತಿಯಪ್ಪ. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಹಿಡಿದರು. ಸುತ್ತಲಿನ ಹಳ್ಳಿಗಳಿಂದಲೂ ಜನ ತಂಡ ತಂಡವಾಗಿ ಹೋಗುತ್ತಿದ್ದರು.

ನಮ್ಮ ಮನೆಯಲ್ಲಿ ದುಡಿಯುವ ಗಂಡಸರು ಇಬ್ಬರು. ಇಬ್ಬರೂ ಹೊರಟರಂತೆ. ಅಜ್ಜಿ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದಳಂತೆ: "ಇಬ್ಬರೂ ಹೋದರೆ ಎತ್ತಿಗೆ ಹುಲ್ಲು ಹಾಕುವುದು ಯಾರು?" ಹೋಗಬೇಡಿ ಅನ್ನಲಿಲ್ಲ, ಗಮನಿಸಿ. ಚಿಕ್ಕಜ್ಜನಿಗೆ ಇನ್ನೂ ಮದುವೆ ಆಗಿರಲಿಲ್ಲ. ಅವನು ಹೋದ, ಅಜ್ಜ ಉಳಿದ. ಮಳೆಗಾಲ ಹತ್ತಿರ ಬಂದಿತ್ತು, ಇಬ್ಬರ ಪಾಲಿನ ಉಳುಮೆ ಒಬ್ಬನೇ ಮಾಡಿದ. ಎಷ್ಟು ದಿನ ಜೈಲು ಎಂಬುದು ಅಮ್ಮನಿಗೆ ಗೊತ್ತಿಲ್ಲ. ಬರುವಾಗ ಚಿಕ್ಕಜ್ಜನ ತಲೆ ಬೋಳಿಸಿತ್ತು, ಮನೆ ನಾಯಿ ಗುರುತು ಹಿಡಿಯದೆ ಬೊಗಳಿತು ಎಂಬುದು ಮಾತ್ರ ಗೊತ್ತು.

ಹಾಗಾದರೆ ಅಜ್ಜ ಜೈಲಿಗೆ ಹೋದ ಕಥೆ ಹುಟ್ಟಿದ್ದು ಎಲ್ಲಿ? ಇದು ಅಮ್ಮ ಕಣ್ಣಾರೆ ಕಂಡದ್ದು. ಆಗ ಅವಳಿಗೆ ಹದಿನೈದೋ ಹದಿನಾರೋ. ಹೊಸ ಊರಿಗೆ ಬಂದ ಮೇಲೆ, ಯಾವುದೋ ಆಗಸ್ಟ್ ಹದಿನೈದಕ್ಕೆ, ಶಾಲೆಯ ಮುಂದೆ ಅಜ್ಜನನ್ನು ಕುರ್ಚಿಯ ಮೇಲೆ ಕೂರಿಸಿ "ಕಾಗೋಡಿನಲ್ಲಿ ಸೆರೆಮನೆ ಕಂಡವರು" ಎಂದು ಹಾರ ಹಾಕಿದರಂತೆ. ಅಜ್ಜ ಎದ್ದು "ನಾನಲ್ಲ, ನನ್ನ ತಮ್ಮ" ಅಂದನಂತೆ. ಚಪ್ಪಾಳೆಯಲ್ಲಿ ಯಾರಿಗೂ ಕೇಳಲಿಲ್ಲ. ಮನೆಗೆ ಬಂದವನೇ ಹಾರ ತೆಗೆದು ಎತ್ತಿನ ಕೊರಳಿಗೆ ಹಾಕಿದ. ಎತ್ತು ಅರ್ಧ ಹಾರ ತಿಂದಿತು. ಆಮೇಲೆ ಯಾರು ಕೇಳಿದರೂ ಅಜ್ಜ ಹೌದು ಅಂತಲೂ ಹೇಳಲಿಲ್ಲ, ಅಲ್ಲ ಅಂತಲೂ ಹೇಳಲಿಲ್ಲ. ಸುಮ್ನೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ನಮಗೆಲ್ಲ ನೆನಪಿದೆಯಲ್ಲ ಆ ಸುಮ್ಮನಿರುವುದು? ನಾವು ಅದನ್ನು ದೊಡ್ಡತನ ಅಂದುಕೊಂಡಿದ್ದೆವು.

"ಅದೆಲ್ಲ ಸರಿ, ಚಿಕ್ಕಜ್ಜ ಅಲ್ಲೇ ಇದ್ದಿದ್ದರೆ ಅವರೇ ಹೇಳುತ್ತಿದ್ದರಲ್ಲ" ಅಂತ ನೀವು ಕೇಳುತ್ತೀರಿ. ನಾನೂ ಕೇಳಿದೆ. ಅಷ್ಟು ಹೊತ್ತಿಗೆ ಅವರು ನಮ್ಮ ಜೊತೆ ಇರಲಿಲ್ಲ.

ಒಂದು ನಿಮಿಷ... ಕುಕ್ಕರ್ ಆಫ್ ಮಾಡಿ ಬಂದೆ.

1964, ಲಿಂಗನಮಕ್ಕಿ. ಶರಾವತಿಗೆ ಕಟ್ಟಿದ ಆ ಡ್ಯಾಮಿನಲ್ಲಿ ನಮ್ಮೂರು ಮುಳುಗಿತು. ನಮ್ಮ ಮನೆಯ ಎಲ್ಲ ಕಥೆಗಳೂ ಕೊನೆಗೆ ಆ ನೀರಿಗೇ ಹೋಗಿ ಬೀಳುತ್ತವೆ, ಏನು ಮಾಡುವುದು. ಆದರೆ ನನಗೆ ಗೊತ್ತಿಲ್ಲದ್ದು ಒಂದಿತ್ತು. ಅಜ್ಜಿಯ ತವರು ಅದಕ್ಕಿಂತ ಮೊದಲೇ ಮುಳುಗಿತ್ತು! 1948ರ ಹೊತ್ತಿಗೆ ಕಟ್ಟಿದ ಹಿರೇಭಾಸ್ಕರ ಡ್ಯಾಂ, ನಮ್ಮವರು ಮಡೇನೂರು ಡ್ಯಾಂ ಅನ್ನುತ್ತಾರಲ್ಲ, ಅದರಲ್ಲಿ. ತವರು ಒಂದು ಡ್ಯಾಮಿಗೆ, ಗಂಡನ ಮನೆ ಇನ್ನೊಂದು ಡ್ಯಾಮಿಗೆ. ಲಿಂಗನಮಕ್ಕಿ ತುಂಬಿದಾಗ ಮಡೇನೂರು ಡ್ಯಾಮೇ ಅದರೊಳಗೆ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಈಗಲೂ ಎದ್ದು ಕಾಣುತ್ತದೆ, ಜನ ಫೋಟೋ ತೆಗೆಯಲು ಹೋಗುತ್ತಾರೆ. ಅಜ್ಜಿ ಅದನ್ನು ಹೇಳಿ ನಗುತ್ತಿದ್ದಳಂತೆ: "ನನ್ನ ಅಪ್ಪನ ಮನೆ ಮುಳುಗಿಸಿದ್ದು ತಾನೂ ಉಳಿಯಲಿಲ್ಲ ನೋಡು."

ಊರು ಬಿಟ್ಟದ್ದನ್ನು ಅಮ್ಮ ನಾಲ್ಕು ಕಂತಿನಲ್ಲಿ ಹೇಳಿದಳು. ಹಂಚು ಇಳಿಸಿದ್ದು, ಬಾಗಿಲು ಕಿತ್ತದ್ದು, ಅದೆಲ್ಲ ನೀವು ಕೇಳಿದ್ದೀರಿ, ಬಿಡುತ್ತೇನೆ. "ಒಡೆಯರಿಗೆ ಪರಿಹಾರ ಬಂತು, ನಮಗೆ ಲಾರಿ ಬಂತು" ಅಂದಳು. ಅವಳಿಗೆ ಹನ್ನೊಂದು ವರ್ಷ. ಅವಳ ಜವಾಬ್ದಾರಿ ಏನು ಗೊತ್ತಾ? ಕಾವು ಕೂತ ಕೋಳಿ. ಸಾಮಾನು ಕಟ್ಟುವ ಗಲಾಟೆಯಲ್ಲಿ ಅದನ್ನು ಎಬ್ಬಿಸಿದರೆ ಮೊಟ್ಟೆ ಕೆಡುತ್ತದೆ, ಬಿಟ್ಟು ಹೋಗಲು ಮನಸ್ಸಿಲ್ಲ. ಕುಕ್ಕೆ ಎಲ್ಲ ಆಗಲೇ ಲಾರಿಯ ಅಡಿಗೆ ಸೇರಿತ್ತು. ಕೈಗೆ ಸಿಕ್ಕಿದ್ದು ಭೂಮಣ್ಣಿ ಬುಟ್ಟಿ.

ಪೇಟೆಯಲ್ಲಿ ಬೆಳೆದವರಿಗೆ ಹೇಳಬೇಕು. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಬುಟ್ಟಿ ಅದು. ಸಗಣಿ, ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನಿಂದ ಒಂದೊಂದೇ ಎಳೆ ಚಿತ್ತಾರ ಬರೆಯುತ್ತಾರೆ, ದಿನಗಟ್ಟಲೆ ಕೆಲಸ. ರಾತ್ರಿಯಿಡೀ ಅಡುಗೆ ಮಾಡಿ, ಬೆಳಗಿನ ಜಾವ ಆ ಬುಟ್ಟಿ ತಲೆ ಮೇಲೆ ಹೊತ್ತು ಹೋಗಿ ಭೂಮಿ ತಾಯಿಗೆ ಬಡಿಸುವುದು. ದೇವರ ಸಾಮಾನಿನ ಹಾಗೆ ಅದು. ಅದರಲ್ಲಿ ಅಮ್ಮ ಕೋಳಿ ಕೂರಿಸಿದ್ದಾಳೆ! ಅಡಿಗೆ ಹುಲ್ಲು ಹಾಕಿ, ಮೇಲೆ ಅಜ್ಜಿಯ ಹಳೆ ಸೀರೆ ಮುಚ್ಚಿ, ಲಾರಿಯಲ್ಲಿ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದಾಳೆ. ಘಾಟಿಯ ತಿರುವಿನಲ್ಲೆಲ್ಲ ಕೋಳಿ ಕುಕ್ಕಿದ್ದು ಅವಳ ಕೈಯನ್ನೇ. ಬಲಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಬಿಳಿ ಕಲೆ ಇದೆ, ನಾನು ಇಷ್ಟು ವರ್ಷ ಅದು ಮೆಟ್ಟುಗತ್ತಿ ತಾಗಿದ್ದು ಅಂದುಕೊಂಡಿದ್ದೆ. ಹೊಸ ಜಾಗದಲ್ಲಿ ಇಳಿದರೆ ಬರೀ ಕಾಡು, ನಾಲ್ಕು ಗೂಟ. ಮೂರನೇ ದಿನ ಮರಿ ಎದ್ದವು. ಏಳು ಮರಿ. ಸೋಗೆ ಹಾಕುವ ಮೊದಲೇ ಮನೆಯಲ್ಲಿ ಮರಿ ಓಡಾಡುತ್ತಿದ್ದವು ಅಂತ ಹೇಳಿ ಅವಳು ನಕ್ಕಳು ನೋಡಿ, ಡ್ರಾಪ್ಸ್ ಎಲ್ಲ ಕೆನ್ನೆಗೆ ಇಳಿಯಿತು. ಮತ್ತೆ ಹಾಕಿದೆ. ಬುಟ್ಟಿ ಹಾಳು ಮಾಡಿದ್ದಕ್ಕೆ ಅಜ್ಜಿ ಸಾಯುವವರೆಗೂ ಪ್ರತಿ ಭೂಮಿ ಹುಣ್ಣಿಮೆಗೆ ಬೈದಳಂತೆ.

ಚಿಕ್ಕಜ್ಜನ ಲಾರಿ ಬೇರೆ. ಅಷ್ಟು ಹೊತ್ತಿಗೆ ಅವರಿಗೂ ಹೆಂಡತಿ, ಎರಡು ಮಕ್ಕಳು. ಅಣ್ಣ ತಮ್ಮಂದಿರ ಹೆಸರು ಪಟ್ಟಿಯಲ್ಲಿ ಬೇರೆ ಬೇರೆ ಇತ್ತು, ಒಂದೇ ಕಡೆ ಬಿಡುತ್ತಾರೆ ಅಂದುಕೊಂಡು ಯಾರೂ ಕೇಳಲಿಲ್ಲ. ಅವರ ಲಾರಿ ಭದ್ರಾವತಿ ಕಡೆಗೆ ತಿರುಗಿತು. ಆಮೇಲೆ ಒಂದು ಸಲ ಬಂದಿದ್ದರು, ಒಂದು ಕಾಗದ ಬಂದಿತ್ತು, ಅಷ್ಟೇ. ಜಗಳ ಗಿಗಳ ಏನೂ ಇಲ್ಲ. ಬಸ್ಸಿಗೆ ದುಡ್ಡಿಲ್ಲ, ಓದು ಬರಹ ಇಲ್ಲ, ಎರಡೂ ಕಡೆ ಕಾಡು ಕಡಿದು ಗದ್ದೆ ಮಾಡುವ ಕೆಲಸ. 1974ರಲ್ಲಿ ಉಳುವವನೇ ಹೊಲದೊಡೆಯ ಕಾನೂನು ಬಂತು. ಯಾವ ಗದ್ದೆಗಾಗಿ ಚಿಕ್ಕಜ್ಜ ಜೈಲಿಗೆ ಹೋದರೋ ಅದು ಆಗ ಹತ್ತು ವರ್ಷದಿಂದ ನೀರಿನಡಿ. ಅರ್ಜಿ ಹಾಕಲು ನಮಗೆ ಸರ್ವೆ ನಂಬರೇ ಇರಲಿಲ್ಲ. ಆ ನೀರಿನ ಕರೆಂಟು ನಮ್ಮ ಮನೆಗೆ ಬರುವಾಗ ನಾನು ನಾಲ್ಕನೇ ಕ್ಲಾಸು, ಅದು ನನಗೂ ನೆನಪಿದೆ.

ಹೋದ ಡಿಸೆಂಬರ್‌ನಲ್ಲಿ ಸಿಗಂದೂರಿಗೆ ಹೋದೆವಲ್ಲ, ಲಿಂಗನಮಕ್ಕಿ ಹಿನ್ನೀರಿನ ಹೊಸ ಸೇತುವೆ ಮೇಲೆ. 2025ರ ಜುಲೈನಲ್ಲಿ ಓಪನ್ ಆಯಿತಲ್ಲ, ಅಂಬಾರಗೋಡ್ಲು ಕಳಸವಳ್ಳಿ ಮಧ್ಯೆ. ನಾವೆಲ್ಲ ವಿಡಿಯೋ ಮಾಡುತ್ತಾ ಕೂಗಾಡುತ್ತಿದ್ದೆವು, ಅಮ್ಮ ಒಂದೂ ಮಾತಾಡಲಿಲ್ಲ, ಕಾರಿನ ವಾಂತಿ ಇರಬೇಕು ಅಂತ ನಿಂಬೆಹಣ್ಣು ಕೊಟ್ಟೆ. ಮೊನ್ನೆ ಹೇಳಿದಳು: "ಲಾಂಚಿನಲ್ಲಾದರೆ ನಮ್ಮೂರು ಇದ್ದದ್ದು ಎಲ್ಲಿ ಅಂತ ಗುಡ್ಡ ಲೆಕ್ಕ ಹಾಕುವಷ್ಟು ಹೊತ್ತು ಸಿಗುತ್ತಿತ್ತು. ಇದರಲ್ಲಿ ಎರಡು ಗುಡ್ಡ ಎಣಿಸುವುದರೊಳಗೆ ಆಚೆ ದಡ ಬಂತು." ಸೇತುವೆ ಬೇಡ ಅಂತ ಅಲ್ಲ ಮತ್ತೆ. ತುಮರಿ ಕಡೆಯ ಬಾಣಂತಿಯರು ಲಾಂಚಿಗೆ ಕಾಯ್ದ ಕಷ್ಟ ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತು.

ಈಗ ಕೆಲಸದ ಮಾತು. ಪುಟ್ಟ, ಆ ಪುಟ ಪ್ರಿಂಟಿಗೆ ಕೊಡಬೇಡ. ಅಜ್ಜನ ಹೆಸರಿನ ಮುಂದೆ "ಕಾಗೋಡು ಹೋರಾಟಗಾರರು" ಅಂತ ಹಾಕಿದ್ದೀಯಲ್ಲ, ಅದನ್ನು ತೆಗೆ. ಅಜ್ಜ ಎದ್ದು ನಿಂತು ಹೇಳಿದ್ದು ಅವತ್ತು ಯಾರಿಗೂ ಕೇಳಲಿಲ್ಲ, ಈಗ ನಮಗೆ ಕೇಳಿದೆ ಅಲ್ವಾ. ಅಜ್ಜನ ಪಕ್ಕದಲ್ಲಿ ಒಂದು ಗೆರೆ ಎಳೆದು ಚಿಕ್ಕಜ್ಜನ ಜಾಗ ಮಾಡು, ಕೆಳಗೆ ಎರಡು ಖಾಲಿ ಬಾಕ್ಸ್ ಇಡು. ಮಾವ, ನಿಮಗೆ ಇದು ಇಷ್ಟ ಆಗಲ್ಲ ಅಂತ ಗೊತ್ತು, ನೀವೇ ಎಷ್ಟೋ ಕಡೆ ಭಾಷಣದಲ್ಲಿ ಹೇಳಿದ್ದೀರಿ. ಫೋನ್ ಮಾಡಿ, ಅಮ್ಮನಿಗೇ ಕೊಡುತ್ತೇನೆ.

ಚಿಕ್ಕಮ್ಮ, ನಿನ್ನ ಮದುವೆಗೆ ಭದ್ರಾವತಿ ಕಡೆಯಿಂದ ಒಬ್ಬರು ಬಂದು, ಊಟಕ್ಕೂ ಕೂರದೆ ಒಂದು ಚೊಂಬು ಕೊಟ್ಟು ಹೋದರಂತೆ. ಅದು ಚಿಕ್ಕಜ್ಜನ ಮಗ ಇರಬೇಕು ಅನ್ನುತ್ತಾಳೆ ಅಮ್ಮ. ಆಗಿನ ಮುಯ್ಯಿ ಪುಸ್ತಕ ನಿಮ್ಮ ಅಟ್ಟದ ಟ್ರಂಕಿನಲ್ಲಿ ಇದೆಯಾ ನೋಡು. ಹೆಸರಿನ ಜೊತೆ ಊರನ್ನೂ ಬರೆಯುತ್ತಿದ್ದರಲ್ಲ ಆಗ. ಆ ಪುಟದ ಫೋಟೋ ಹಾಕು. ಚೊಂಬು ಇದ್ದರೆ ಅದನ್ನೂ ಹಾಕು, ಕೆಲವರು ಹೆಸರು ಕೆತ್ತಿಸಿ ಕೊಡುತ್ತಿದ್ದರು.

ಸರಿ, ನಾಲ್ಕು ಗಂಟೆಯ ಡ್ರಾಪ್ಸ್ ಹೊತ್ತಾಯಿತು. ಹಾಂ, ಅಮ್ಮ ಒಳಗಿನಿಂದ ಕೂಗುತ್ತಿದ್ದಾಳೆ, ಇಷ್ಟು ಹೊತ್ತು ಎಲ್ಲ ಕೇಳಿಸಿಕೊಂಡಿದ್ದಾಳೆ. ಏಳು ಮರಿ ಅಲ್ಲವಂತೆ, ಒಂಬತ್ತಂತೆ.