ಪದಚರ್ಚೆ: ಸರದಿಯೋ ಪಾಳಿಯೋ? ಕಾರ್ ರೇಸ್ ತಂಡದ ಚಾಲಕರ ಪಟ್ಟಿಗೆ ಪದಗಳು ಬೇಕು

ಗೆಳೆಯರೇ, ನಮಸ್ಕಾರ.

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಾವು ಕೆಲವು ಕನ್ನಡಿಗರು ಸೇರಿ ಒಂದು ಹವ್ಯಾಸಿ ಕಾರ್ ರೇಸ್ ತಂಡ ಕಟ್ಟಿಕೊಂಡಿದ್ದೇವೆ. ಗಾಡಿ ಹಳೆಯ ಮಾಜ್ದಾ ಮಿಯಾಟಾ. ಓಡಿಸುವವರಲ್ಲಿ ಮೈಸೂರಿನವರಿದ್ದಾರೆ, ಹುಬ್ಬಳ್ಳಿಯವರಿದ್ದಾರೆ, ಕುಂದಾಪುರ, ತುಮಕೂರಿನವರೂ ಇದ್ದಾರೆ. ನಾನು ಓಡಿಸುವುದಿಲ್ಲ. ಯಾರು ಎಷ್ಟು ಹೊತ್ತಿಗೆ ಕಾರು ಹತ್ತಬೇಕು, ಯಾವಾಗ ಇಳಿಯಬೇಕು, ಯಾವಾಗ ಮಲಗಬೇಕು ಅಂತ ಪಟ್ಟಿ ಮಾಡುವುದು ನನ್ನ ಕೆಲಸ. ಈ ಸಲ ಆ ಪಟ್ಟಿ ಕನ್ನಡದಲ್ಲೇ ಇರಲಿ ಎಂದು ಎಲ್ಲರೂ ಒಪ್ಪಿದ್ದೇವೆ. ರೇಡಿಯೊದಲ್ಲಿ ಆಡುವುದು ಕನ್ನಡ, ಪಿಟ್‌ನಲ್ಲಿ, ಅಂದರೆ ರೇಸಿನ ನಡುವೆ ಪೆಟ್ರೋಲ್ ತುಂಬಲು, ಚಾಲಕರು ಬದಲಾಗಲು ಕಾರು ನಿಲ್ಲಿಸುವ ಜಾಗದಲ್ಲಿ, ಪೆಟ್ರೋಲ್ ಕ್ಯಾನ್ ಹಿಡಿದು ನಿಲ್ಲುವವರ ಮಾತೂ ಕನ್ನಡ. ಪಟ್ಟಿ ಮಾತ್ರ ಯಾಕೆ ಇಂಗ್ಲಿಷಿನಲ್ಲಿ ಇರಬೇಕು? ಆದರೆ ಕೆಲವು ಪದಗಳು ಬಗೆಹರಿಯುತ್ತಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಈ ಆಟ ಪರಿಚಯವಿಲ್ಲದವರಿಗೆ ಒಂದಿಷ್ಟು ಹೇಳಿಬಿಡುತ್ತೇನೆ. ಎಂಡ್ಯೂರೆನ್ಸ್ ರೇಸ್ ಎಂದರೆ ಇಷ್ಟು ಸುತ್ತು ಅಂತ ಲೆಕ್ಕವಿಲ್ಲ, ಇಷ್ಟು ಗಂಟೆ ಅಂತ ಲೆಕ್ಕ. ಕಾರು ಒಂದೇ, ಓಡಿಸುವವರು ಮೂವರೋ ನಾಲ್ವರೋ ಇನ್ನೂ ಜಾಸ್ತಿಯೋ. ಹೊತ್ತು ಮುಗಿಯುವಷ್ಟರಲ್ಲಿ ಯಾರ ಕಾರು ಹೆಚ್ಚು ಸುತ್ತು ಹಾಕಿರುತ್ತದೋ ಅವರು ಗೆದ್ದಂತೆ. ಸ್ಯಾಕ್ರಮೆಂಟೊದಿಂದ ಉತ್ತರಕ್ಕೆ ವಿಲ್ಲೋಸ್ ಎಂಬ ಊರಿನ ಹತ್ತಿರ ಥಂಡರ್‌ಹಿಲ್ ಟ್ರ್ಯಾಕ್ ಇದೆ. ಒಂದು ಸುತ್ತು ಸುಮಾರು 4.8 ಕಿಲೋಮೀಟರ್. ಹವ್ಯಾಸಿಗಳಿಗಾಗಿ ಡಿಸೆಂಬರಿನಲ್ಲಿ ಅಲ್ಲಿ 25 ಗಂಟೆಗಳ ರೇಸ್ ನಡೆಸುವ ರೂಢಿ 2003ರಲ್ಲಿ ಶುರುವಾಯಿತು. ಫ್ರಾನ್ಸಿನ ಹೆಸರಾಂತ 24 ಗಂಟೆಗಳ ಲೆ ಮಾನ್ಸ್ ರೇಸಿಗಿಂತ ಒಂದು ಗಂಟೆ ಹೆಚ್ಚು! ಆ ತಿಂಗಳು ಅಲ್ಲಿ ಕತ್ತಲೆಯೇ 14 ಗಂಟೆಗೂ ಮೀರಿ ಇರುತ್ತದೆ. ಕಣಿವೆಯಲ್ಲಿ ಮಂಜು ಕವಿದರೆ ಕೆಂಪು ಬಾವುಟ ತೋರಿಸಿ ರೇಸನ್ನೇ ನಿಲ್ಲಿಸಿಬಿಡುತ್ತಾರೆ. ಇಂಥಲ್ಲಿ ಯಾರು ಯಾವಾಗ ಓಡಿಸಬೇಕು ಎಂಬುದು ಗೆಲುವಿಗಿಂತ ಮೊದಲು ಜೀವದ ಪ್ರಶ್ನೆ. ಪಟ್ಟಿಯಲ್ಲಿರುವ ಪದ ಇಬ್ಬರಿಗೆ ಎರಡು ಥರ ಅರ್ಥವಾಗಬಾರದು. ನನ್ನ ಕಾಳಜಿಯೆಲ್ಲ ಅದೇ.

ಮೊದಲ ತೊಡಕು ಸ್ಟಿಂಟ್ ಎಂಬ ಪದದ್ದು. ರೇಸಿನವರು ಇದನ್ನು ಎರಡು ಅರ್ಥದಲ್ಲಿ ಬಳಸುತ್ತಾರೆ. ಒಂದು ಟ್ಯಾಂಕ್ ಪೆಟ್ರೋಲ್ ಬರುವಷ್ಟು ಹೊತ್ತೂ ಸ್ಟಿಂಟ್, ಒಬ್ಬರು ಸೀಟಿನಲ್ಲಿ ಕೂತಿರುವಷ್ಟು ಹೊತ್ತೂ ಸ್ಟಿಂಟ್. ಲೆ ಮಾನ್ಸ್‌ನ ದೊಡ್ಡ ಕಾರುಗಳಲ್ಲಿ ಟ್ಯಾಂಕ್ ಸುಮಾರು ಮುಕ್ಕಾಲು ಗಂಟೆಗೆ ಮುಗಿಯುತ್ತದೆ. ಚಾಲಕರು ಮಾತ್ರ ಎರಡು ಮೂರು ಟ್ಯಾಂಕ್ ಕೂತೇ ಇರುತ್ತಾರೆ. ಅಲ್ಲಿನ ಕಟ್ಟಳೆ ಇರುವುದು ಚಾಲಕರ ಹೊತ್ತಿಗೆ: ಯಾವುದೇ 6 ಗಂಟೆಯೊಳಗೆ ಒಬ್ಬರು 4 ಗಂಟೆಗಿಂತ ಜಾಸ್ತಿ ಓಡಿಸುವಂತಿಲ್ಲ, ಒಟ್ಟು 14 ಗಂಟೆ ಮೀರುವಂತಿಲ್ಲ. ಅಮೆರಿಕದ ಹವ್ಯಾಸಿ ಸರಣಿ ಚಾಂಪ್‌ಕಾರ್‌ನಲ್ಲಿ ಒಂದು ಸಲಕ್ಕೆ 2 ಗಂಟೆಯೇ ಮಿತಿ. ಇಳಿದ ಮೇಲೆ ಕನಿಷ್ಠ ಒಂದು ಗಂಟೆ ಮತ್ತೆ ಹತ್ತುವಂತಿಲ್ಲ. ನಮ್ಮ ತಂಡ ಎಲ್ಲಿಗೆ ಹೋದರೂ ಈ ಎರಡು ಗಂಟೆಯ ಕಟ್ಟಳೆಯನ್ನೇ ಇಟ್ಟುಕೊಂಡಿದೆ.

ಮಿಯಾಟಾದಲ್ಲಿ ಈ ಎರಡು ಹೊತ್ತುಗಳು ಹೆಚ್ಚುಕಮ್ಮಿ ಒಂದೇ ಆಗಿರುವುದರಿಂದ ಗೊಂದಲ ಇನ್ನೂ ಜಾಸ್ತಿ. 48 ಲೀಟರ್ ಹಿಡಿಯುವ ಟ್ಯಾಂಕು ಗಂಟೆಗೆ 24 ಲೀಟರ್ ಕುಡಿದರೆ ಎರಡು ಗಂಟೆಗೆ ಖಾಲಿ. ಆಗ ಟ್ಯಾಂಕಿನ ಸ್ಟಿಂಟೂ ಚಾಲಕರ ಸ್ಟಿಂಟೂ ಒಟ್ಟಿಗೆ ಮುಗಿಯುತ್ತವೆ. ಆದರೆ ಎಲ್ಲೋ ಅಪಘಾತವಾಗಿ ಹಳದಿ ಬಾವುಟ ಬಂತು ಅಂದುಕೊಳ್ಳಿ. ಕಾರುಗಳು ನಿಧಾನವಾಗಿ ಸಾಲಾಗಿ ಹೋಗುತ್ತವೆ, ಪೆಟ್ರೋಲ್ ಉಳಿಯುತ್ತದೆ, ಟ್ಯಾಂಕಿನ ಹೊತ್ತು ಬೆಳೆಯುತ್ತದೆ. ಚಾಲಕರ ಹೊತ್ತು ಬೆಳೆಯುವುದಿಲ್ಲ. ಕತ್ತು ಸೋಲುವುದು, ಕಣ್ಣು ಉರಿಯುವುದು ಹಳದಿ ಬಾವುಟದಲ್ಲೂ ನಿಲ್ಲುವುದಿಲ್ಲ ಅಲ್ವಾ? ಅಂಥ ಹೊತ್ತಿನಲ್ಲಿ ರೇಡಿಯೊದಲ್ಲಿ ‘ಸ್ಟಿಂಟ್ ಇನ್ನೂ ಇದೆ’ ಎಂದರೆ ಯಾವುದು ಇದೆ ಅಂತ ತಿಳಿಯಬೇಕು? ಹಾಗಾಗಿ ಕನ್ನಡದಲ್ಲಿ ಇವೆರಡನ್ನೂ ಬೇರೆ ಮಾಡೋಣ ಎಂದುಕೊಂಡೆ. ಪೆಟ್ರೋಲಿನದಕ್ಕೆ ಸುಮ್ನೆ ‘ಟ್ಯಾಂಕು’ ಸಾಕು: ಮೂರನೇ ಟ್ಯಾಂಕು, ಟ್ಯಾಂಕು ಇನ್ನೂ ಇದೆ, ಹೀಗೆ. ಇದಕ್ಕೆ ಯಾರದೂ ತಕರಾರಿಲ್ಲ. ತಕರಾರೆಲ್ಲ ಚಾಲಕರ ಹೊತ್ತಿಗೆ ಇಡುವ ಪದದ್ದು.

ನನಗೆ ಹೊಳೆದದ್ದು ಪಾಳಿ ಮತ್ತು ಸರದಿ. ಮೈಸೂರು, ಬೆಂಗಳೂರು ಕಡೆಯ ಕಿವಿಗೆ ಇವೆರಡೂ ಬೇರೆ ಬೇರೆ. ಅವು ಯಾವ ಕ್ರಿಯಾಪದದ ಜೊತೆ ಬರುತ್ತವೆ ಅಂತ ನೋಡಿದರೆ ಗೊತ್ತಾಗುತ್ತದೆ. ಸರದಿ ಬರುತ್ತದೆ, ಸರದಿಗೆ ಕಾಯುತ್ತೇವೆ, ಸರದಿ ತಪ್ಪುತ್ತದೆ. ಪಾಳಿ ಶುರುವಾಗುತ್ತದೆ, ಮುಗಿಯುತ್ತದೆ, ಪಾಳಿಗೆ ಹೋಗುತ್ತೇವೆ, ರಾತ್ರಿ ಪಾಳಿ ಮಾಡುತ್ತೇವೆ. ಸರದಿಗೆ ಸ್ಥಾನ ಇದೆ, ಉದ್ದ ಇಲ್ಲ. ಪಾಳಿಗೆ ಉದ್ದ ಇದೆ. ಹಾಗಾಗಿ ಯಾರ ನಂತರ ಯಾರು ಎಂಬುದಕ್ಕೆ ಸರದಿ, ಒಬ್ಬರು ಸೀಟಿನಲ್ಲಿ ಕಳೆಯುವ ಹೊತ್ತಿಗೆ ಪಾಳಿ ಎಂದು ಗೊತ್ತುಮಾಡಿಕೊಂಡೆ.

ರೇಸಿನ ಇತಿಹಾಸವನ್ನು ಈ ಎರಡು ಪದಗಳಿಂದ ಹೇಳಿ ನೋಡಿದೆ. ಚೆನ್ನಾಗಿಯೇ ಕೂರುತ್ತವೆ. 1952ರ ಲೆ ಮಾನ್ಸ್‌ನಲ್ಲಿ ಫ್ರಾನ್ಸಿನ ಪಿಯರ್ ಲೆವೆಗ್ ಟಾಲ್ಬೊ-ಲಾಗೊ ಕಾರನ್ನು ಒಬ್ಬರೇ ಓಡಿಸುತ್ತಾ ಹೋದರು. ಜೊತೆ ಚಾಲಕ ರೆನೆ ಮಾರ್ಶಾನ್ ಪಿಟ್‌ನಲ್ಲಿ ಕಾಯುತ್ತಲೇ ಇದ್ದರು. ಸುಮಾರು 23 ಗಂಟೆ ಓಡಿಸಿ, ಎಲ್ಲರಿಗಿಂತ ಮುಂದಿದ್ದಾಗ ಎಂಜಿನ್ ಮುರಿಯಿತು. ಮೊದಲ ಎರಡು ಸ್ಥಾನ ಮರ್ಸಿಡಿಸ್ ಪಾಲಾಯಿತು. ಮಾರ್ಶಾನ್ ಅವರಿಗೆ ಸರದಿ ಇತ್ತು, ಪಾಳಿ ಸಿಗಲಿಲ್ಲ. 2009ರಲ್ಲಿ ನಮ್ಮ ದೇಶದ ನಾರಾಯಣ್ ಕಾರ್ತಿಕೇಯನ್ ಅದೇ ರೇಸಿಗೆ ಆಡಿ ಕಾರಿನಲ್ಲಿ ಇಳಿಯಬೇಕಿತ್ತು. ರೇಸ್ ಶುರುವಾಗುವ ಮೊದಲೇ ಭುಜಕ್ಕೆ ಪೆಟ್ಟಾಗಿ ಕೂರಲಾಗಲಿಲ್ಲ. ಆಂಡ್ರೆ ಲೊಟರರ್ ಮತ್ತು ಚಾರ್ಲ್ಸ್ ಜ್ವೊಲ್ಸ್‌ಮನ್ ಇಬ್ಬರೇ 24 ಗಂಟೆ ನಿಭಾಯಿಸಿ ಏಳನೆಯವರಾಗಿ ಮುಗಿಸಿದರು. ಮೂವರ ಸರದಿ ಇಬ್ಬರದಾಯಿತು, ಒಬ್ಬರ ಪಾಳಿ ಉಳಿದವರ ಮೇಲೆ ಬಿತ್ತು. ಲೊಟರರ್ ಅವರಿಗೆ ಅದು ಮೊದಲ ಲೆ ಮಾನ್ಸ್ ಎಂಬುದನ್ನು ನೆನೆದರೆ ನನಗೆ ಈಗಲೂ ಬೆರಗಾಗುತ್ತದೆ.

ಆದರೆ ನಮ್ಮ ಹುಬ್ಬಳ್ಳಿಯವರು ಪಟ್ಟಿ ನೋಡಿದ ಕೂಡಲೇ ನನ್ನ ಲೆಕ್ಕ ಮುರಿದುಬಿತ್ತು. ಅವರ ಕಡೆ ಪಾಳಿ ಎಂದರೆ ಸರದಿಯೇ. ‘ನನ್ನ ಪಾಳಿ ಬಂತು’ ಅನ್ನುತ್ತಾರೆ. ಬಸ್ಸಿಗೋ ಟಿಕೆಟ್ಟಿಗೋ ಸಾಲಿನಲ್ಲಿ ನಿಲ್ಲುವುದಕ್ಕೂ ‘ಪಾಳಿ ಹಚ್ಚು’ ಎಂಬ ಮಾತಿದೆ, ಆಡುವಾಗ ಪಾಳೆ ಎಂದೂ ಆಗುತ್ತದೆ. ಮರಾಠಿಯಲ್ಲೂ ಇದೇ ಪದ ಸರದಿ ಎಂಬ ಅರ್ಥದಲ್ಲಿದೆ. ಹೀಗಾಗಿ ಪಟ್ಟಿಯಲ್ಲಿ ‘ಪಾಳಿ 3’ ಎಂದು ಬರೆದರೆ ಮೈಸೂರಿನವರು ಮೂರನೇ ಎರಡು ಗಂಟೆ ಎಂದು ಓದುತ್ತಾರೆ, ಹುಬ್ಬಳ್ಳಿಯವರು ಸಾಲಿನಲ್ಲಿ ಮೂರನೆಯವರು ಎಂದು ಓದುತ್ತಾರೆ. ಮೊದಲ ನಾಲ್ಕು ಸಲ ಎರಡೂ ಓದು ಒಂದೇ ಕಡೆ ತಲುಪುತ್ತವೆ. ಒಬ್ಬರು ಎರಡನೇ ಸಲ ಹತ್ತುವ ಹೊತ್ತಿಗೆ ದಾರಿ ಬೇರೆಯಾಗುತ್ತದೆ. ಅದೂ ನಡುರಾತ್ರಿಯಲ್ಲಿ, ನಿದ್ದೆಗಣ್ಣಿನಲ್ಲಿ ಪಟ್ಟಿ ನೋಡುವಾಗ.

ಪಾಳಿಗೆ ಸಾಲು ಎಂಬ ಅರ್ಥವೂ ಇರುವುದರಿಂದ ಹುಬ್ಬಳ್ಳಿಯ ಬಳಕೆಯೇ ಮೂಲಕ್ಕೆ ಹತ್ತಿರ ಅಂತ ನನಗನಿಸುತ್ತದೆ. ನಮ್ಮ ಭಾಷೆಯಲ್ಲಿ ಸಾಲಿನಿಂದ ಸರದಿ ಹುಟ್ಟುವುದು ಮತ್ತೆ ಮತ್ತೆ ಕಾಣುತ್ತದೆ. ಊಟಕ್ಕೆ ಕೂತವರ ಸಾಲು ಪಂಕ್ತಿ, ಅದೇ ‘ಎರಡನೇ ಪಂಕ್ತಿಗೆ ಬರ್ತೀವಿ’ ಎನ್ನುವಾಗ ಹೊತ್ತಾಗುತ್ತದೆ. ಪಾಳಿ ಕಾರ್ಖಾನೆಯ ಶಿಫ್ಟಿಗೆ ಹೋಗಿದ್ದೂ ಇದೇ ದಾರಿಯಲ್ಲಿ ಇರಬೇಕು.

ಹಾಗಾದರೆ ಉದ್ದಕ್ಕೆ ಯಾವ ಪದ? ತುಮಕೂರಿನವರು ಡ್ಯೂಟಿ ಎನ್ನೋಣ ಅಂದರು. ನಮ್ಮ ಬಸ್ ಚಾಲಕರೆಲ್ಲ ಡ್ಯೂಟಿ, ಡಬಲ್ ಡ್ಯೂಟಿ ಎಂದೇ ಹೇಳುವುದು, ಅದು ಎಲ್ಲ ಜಿಲ್ಲೆಗಳಲ್ಲೂ ಒಂದೇ ಅರ್ಥ ಕೊಡುತ್ತದೆ. ಒಪ್ಪಬಹುದಾದ ವಾದವೇ. ಆದರೆ ಬಸ್ಸಿನ ಡ್ಯೂಟಿಯೊಳಗೆ ಬಿಡುವೂ ಸೇರಿರುತ್ತದೆ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆ ಕೆಲಸ ಎನ್ನುತ್ತಿತ್ತು, 5 ಗಂಟೆ ಆದಮೇಲೆ ಕನಿಷ್ಠ ಅರ್ಧ ಗಂಟೆ ವಿರಾಮ ಕೊಡಬೇಕು ಎನ್ನುತ್ತಿತ್ತು. ಆ ವಿರಾಮದಲ್ಲಿ ಚಹಾ ಕುಡಿಯುತ್ತಿರುವ ಚಾಲಕರೂ ಡ್ಯೂಟಿಯ ಮೇಲಿರುವವರೇ. ರೇಸಿನಲ್ಲಿ ನನಗೆ ಬೇಕಾದದ್ದು ಹತ್ತಿದ ಗಳಿಗೆಯಿಂದ ಇಳಿದ ಗಳಿಗೆಯವರೆಗಿನ, ನಡುವೆ ಮುರಿಯದ ಹೊತ್ತು. ಜಾವ ಎಂದರೆ ಹೇಗೆ ಎಂದೂ ಯೋಚಿಸಿದೆ. ಕಾವಲಿನ ಹೊತ್ತಿಗೆ ಇದ್ದ ಚಂದದ ಪದ. ಆದರೆ ಜಾವಕ್ಕೆ ಮೂರು ಗಂಟೆ, ನಮ್ಮದು ಎರಡು. ಜೊತೆಗೆ ‘ಬೆಳಗಿನ ಜಾವ’ ಪಟ್ಟಿಗೆ ಬೇರೆಯೇ ಕೆಲಸಕ್ಕೆ ಬೇಕು. ರಾತ್ರಿ ಎರಡರಿಂದ ಆರರವರೆಗೆ ನಿದ್ದೆ ಎಳೆಯುವಷ್ಟು ಬೇರೆ ಹೊತ್ತಿನಲ್ಲಿ ಎಳೆಯುವುದಿಲ್ಲ. ಆ ಹೊತ್ತಿಗೆ ಯಾರನ್ನು ಕೂರಿಸುತ್ತೇವೆ ಎಂಬುದನ್ನು ಪಟ್ಟಿಯಲ್ಲಿ ಎದ್ದು ಕಾಣುವಂತೆ ಬರೆಯಬೇಕು. ಈಗ ನನ್ನ ಮನಸ್ಸು ‘ಓಟ’ದ ಕಡೆ ವಾಲಿದೆ. ಮೊದಲ ಓಟ, ಓಟ ಮುಗಿಯಿತು, ಇವರ ಓಟದಲ್ಲಿ ಇನ್ನು ಹತ್ತು ನಿಮಿಷ ಇದೆ. ಚಿಕ್ಕದು, ಎಲ್ಲ ಕಡೆಯವರಿಗೂ ಗೊತ್ತು. ಆದರೆ ಇಡೀ ರೇಸಿಗೂ ಪತ್ರಿಕೆಗಳು ಓಟ ಎಂದೇ ಬರೆಯುತ್ತವಲ್ಲ, ಅದೊಂದು ಅಳುಕು.

ಎರಡನೇ ತೊಡಕು ಸುತ್ತು. ಲ್ಯಾಪ್‌ಗೆ ಸುತ್ತು ಎನ್ನುವುದು ನೆಲೆಯಾಗಿದೆ, ಅದನ್ನು ಅಲುಗಾಡಿಸಬಾರದು. ಆದರೆ ನಾಲ್ವರೂ ಒಂದೊಂದು ಸಲ ಓಡಿಸಿ ಮತ್ತೆ ಮೊದಲಿನವರಿಗೆ ಬಂದಾಗ ಅದನ್ನೂ ತಪ್ಪದೆ ‘ಎರಡನೇ ಸುತ್ತು’ ಎಂದೇ ಕರೆಯುತ್ತೇವೆ. ನಮ್ಮ ಕುಂದಾಪುರದವರು ಒಬ್ಬೆ ಎಂಬ ಪದ ಕೊಟ್ಟರು. ಒಂದು ಸಲಕ್ಕೆ ಬಾಣಲೆಗೆ ಹಾಕಿ ತೆಗೆಯುವ ಚಕ್ಕುಲಿಗೆ ಒಂದು ಒಬ್ಬೆ ಅನ್ನುತ್ತಾರಲ್ಲ, ಅದು. ನನಗೆ ತುಂಬಾ ಹಿಡಿಸಿತು. ‘ಎರಡನೇ ಒಬ್ಬೆ, ಮೂರನೇ ಸರದಿ’ ಎಂದರೆ ಎಲ್ಲೂ ಗೊಂದಲವಿಲ್ಲ. ಬಯಲುಸೀಮೆಯವರಿಗೆ ಈ ಪದ ಗೊತ್ತಿದೆಯೇ? ಚಾಲಕರ ವಿಷಯಕ್ಕೆ ಬಳಸಿದರೆ ಕಿವಿಗೆ ಒಪ್ಪುತ್ತದೆಯೇ?

ಇನ್ನು ಬಿಡುವು. ಕಟ್ಟಳೆ ಹೇಳುವುದು ಕಾರಿನಿಂದ ಹೊರಗಿರುವ ಹೊತ್ತಿನ ಬಗ್ಗೆ ಮಾತ್ರ. ಆ ಒಂದು ಗಂಟೆಯಲ್ಲಿ ಸೂಟು ಬಿಚ್ಚಬೇಕು, ಕಾರು ಹೇಗಿದೆ ಅಂತ ಮೆಕ್ಯಾನಿಕ್‌ಗೆ ಹೇಳಬೇಕು, ನೀರು ಕುಡಿದು ಏನಾದರೂ ತಿನ್ನಬೇಕು. ಮಲಗಲು ಎಲ್ಲಿಂದ ಹೊತ್ತು? ಅದಕ್ಕೇ ಬಿಡುವು ಒಂದು ಕಾಲಂ, ನಿದ್ದೆ ಇನ್ನೊಂದು ಕಾಲಂ ಮಾಡಿದ್ದೇನೆ. ವಿಶ್ರಾಂತಿ ಎಂದು ಬರೆದರೆ ಎರಡೂ ಕಲಸಿಹೋಗುತ್ತವೆ ಅಂತ ಆ ಪದವನ್ನು ಬಿಟ್ಟಿದ್ದೇನೆ. ನಿದ್ದೆಯ ಕಾಲಂ ಖಾಲಿ ಇರುವವರನ್ನು ಬೆಳಗಿನ ಜಾವ ಕೂರಿಸುವುದಿಲ್ಲ ಎಂಬುದು ತಂಡದಲ್ಲಿ ನಾನು ಹಟ ಹಿಡಿದು ತಂದ ನಿಯಮ.

ಮುಂದೆ ಹತ್ತಬೇಕಾದವರಿಗೆ ಬದಲಿ ಚಾಲಕ ಎನ್ನುವುದು ನನಗೆ ಸರಿ ಕಾಣುವುದಿಲ್ಲ. ಬದಲಿ ಎಂದರೆ ಯಾರೋ ಬಾರದಿದ್ದಾಗ ಅವರ ಜಾಗಕ್ಕೆ ಬಂದವರು. ಇಲ್ಲಿ ಹಾಗಲ್ಲ. ಈಗ ಓಡಿಸುತ್ತಿರುವವರ ಓಟ ಮುಗಿಯುವ ಅರ್ಧ ಗಂಟೆ ಮೊದಲೇ ಸೂಟು ಹಾಕಿ, ಹೆಲ್ಮೆಟ್ ಪಕ್ಕದಲ್ಲಿಟ್ಟುಕೊಂಡು ಕೂತಿರಬೇಕು. ಟೈರು ಒಡೆದೋ, ಹೊಟ್ಟೆ ತೊಳಸಿಯೋ ಒಳಗಿರುವವರು ಬೇಗ ಬಂದುಬಿಟ್ಟರೆ ಆ ಕ್ಷಣಕ್ಕೆ ಹತ್ತಬೇಕು. ಇದಕ್ಕೆ ಅಣಿ ಎಂಬ ಪದ ಹಾಕಿದ್ದೇನೆ. ‘ಈಗ ಅಣಿ ಯಾರು?’ ಎಂದು ಕೇಳಬಹುದು, ರೇಡಿಯೊದಲ್ಲೂ ಸರಿಯಾಗಿ ಕೇಳಿಸುತ್ತದೆ.

ರೇಡಿಯೊ ಎಂದಾಗ ಇನ್ನೊಂದು ಮಾತು. ಎಂಜಿನ್ನಿನ ಸದ್ದಿನಲ್ಲಿ ‘ಬಾ’ ಎಂಬ ಒಂದಕ್ಷರ ಮುಳುಗಿಹೋಗುತ್ತದೆ, ‘ಬೇಡ’ದ ಮೊದಲ ತುಣುಕು ಕೇಳಿದರೂ ‘ಬಾ’ ಅನ್ನಿಸಬಹುದು. ಹಾಗಾಗಿ ವಯಸ್ಸಿನಲ್ಲಿ ಚಿಕ್ಕವರಿಗೂ ‘ಒಳಗೆ ಬನ್ನಿ’ ಎಂದೇ ಹೇಳುತ್ತೇವೆ. ಬರಬೇಡಿ ಎನ್ನಲು ‘ಇನ್ನೊಂದು ಸುತ್ತು’ ಎನ್ನುತ್ತೇವೆ. ಹೊರಗೆ ನೀನು ತಾನು ಎಂದು ಮಾತಾಡುವವರೂ ರೇಡಿಯೊದಲ್ಲಿ ಬಹುವಚನವೇ.

ಪಿಟ್‌ನಲ್ಲಿ ಒಬ್ಬರು ಇಳಿದು ಇನ್ನೊಬ್ಬರು ಹತ್ತುವ ಕೆಲಸಕ್ಕೆ ಮಾತ್ರ ಒಂದೂ ಪದ ಹೊಳೆದಿಲ್ಲ. ಪತ್ರಿಕೆಗಳ ‘ಚಾಲಕರ ಬದಲಾವಣೆ’ ವರದಿಗೆ ಸರಿ, ಕೂಗಿ ಹೇಳಲು ತೀರಾ ಉದ್ದ. ಇಳಿಯುವವರೇ ಹತ್ತಿದವರ ಬೆಲ್ಟು ಬಿಗಿಯಬೇಕು, ರೇಡಿಯೊ ತಂತಿ ಸಿಕ್ಕಿಸಬೇಕು, ಕುಳ್ಳಗಿರುವವರಿಗೆ ಬೆನ್ನ ಹಿಂದೆ ದಿಂಬು ಇಡಬೇಕು, ಕಿಟಕಿಯ ಬಲೆ ಹಾಕಬೇಕು. ಇದೆಲ್ಲ ಸೇರಿ ಒಂದೇ ಕೆಲಸ. ‘ಇಳಿಹತ್ತು’ ಎಂದು ಜೋಡಿಸಬಹುದೇ? ಜೋಡುಪದವಾಗಿ ಇದು ಕನ್ನಡದ ಜಾಯಮಾನಕ್ಕೆ ಒಗ್ಗುತ್ತದೆಯೇ, ವ್ಯಾಕರಣ ಬಲ್ಲವರು ಹೇಳಬೇಕು.

ನನಗೆ ಮುಖ್ಯವಾಗಿ ತಿಳಿಯಬೇಕಾದದ್ದು ಪಾಳಿಯ ಗಡಿ. ದಾವಣಗೆರೆ, ಬಳ್ಳಾರಿ, ಕಲಬುರಗಿ, ಬೀದರ್ ಕಡೆಯವರು ಪಾಳಿ ಎಂದಾಗ ಮೊದಲು ನಿಮ್ಮ ಮನಸ್ಸಿಗೆ ಬರುವುದು ಸಾಲೋ, ಸರದಿಯೋ, ಶಿಫ್ಟೋ? ಬಸ್ ಡಿಪೊದಲ್ಲಿ ಕೆಲಸ ಮಾಡಿದವರು ಅಥವಾ ಅವರ ಮನೆಯವರು ಇಲ್ಲಿದ್ದರೆ, ದೂರದ ರಾತ್ರಿ ಬಸ್ಸಿನಲ್ಲಿ ಇಬ್ಬರು ಚಾಲಕರು ದಾರಿಯ ನಡುವೆ ಸ್ಟೇರಿಂಗ್ ಬಿಟ್ಟುಕೊಡುವಾಗ ತಮ್ಮತಮ್ಮಲ್ಲಿ ಏನೆಂದು ಹೇಳಿಕೊಳ್ಳುತ್ತಾರೆ ಅಂತ ದಯವಿಟ್ಟು ಬರೆಯಿರಿ. ನಿಘಂಟಿನಲ್ಲಿ ಇಲ್ಲದ ಪದವಾದರೂ ಪರವಾಗಿಲ್ಲ.